ಮಾಳಿಗೆ ಮ್ಯಾಲಿನ ಹಲ್ಲು

…ಅಲ್ಲ ಕಣೇ ರಂಜು, ಆ ಡಾಕ್ಟ್ರಮ್ಮ ನಿನ್ನ ಹಲ್ಲು ಕೀಳ್ತೀನಿ ಅಂದ್ಲಾ? ಇಲ್ಲದಿರೋ ಹಲ್ಲು ಎಲ್ಲಿಂದ ಕೀಳ್ತಾಳೆ ಪಾಪ! ಬಾ, ಈ ಬೆಂಚಿನ ಮ್ಯಾಲೆ ಅಜ್ಜಿ ಪಕ್ಕ ಕುಂತ್ಕ. ಕುರ್ಚಿಯಿಂದ ಹಂಗೆ ಧುಮುಕಿ ಬರೋದಾ? ಕೊರಳಿಗೆ ಕಟ್ಟಿದ ಬಟ್ಟೆ ಕೂಡ ಬಿಚ್ಚಿಲ್ಲ. ಇರ್ಲಿ ಬಿಡು, ಹೆಂಗೂ ತಿರುಗಾ ಒಳಗೆ ಹೋಗ್ತೀವಲ್ಲ. ಹೋಗ್ತೀವಿ ತಾನೆ?… ಮಾತಾಡು ತಾಯಿ. ಮನೆಯಾಗೆ ಕೂಗಿದ್ರೆ ಮಿಲ್ಲಿನಾಗೆ ಕೇಳಿಸೋ ಗಂಟಲು ನಿಂದು, ಇವತ್ತು ಎಲ್ಲಿಗೆ ಹೋತು?

ತಗ, ಶೇಂಗಾ ತಿನ್ನು. ಕೆಳಗೆ ಗಾಡಿಯೋನು ಈಗ ಹುರಿದಿದ್ದು, ಪೊಟ್ಣ ಇನ್ನೂ ಬಿಸಿ ಐತೆ. ನಿಮ್ಮಜ್ಜ ನೋಡಿದ್ರೆ ನಕ್ಕಾರು, ಮನೆ ಮುಂದೆ ಶೇಂಗಾ ಎಣ್ಣೆ ಮಿಲ್ಲು ಇಟ್ಕಂಡು ಬೀದಿಯಾಗೆ ಕೊಂಡು ತಿಂತಾರೆ ಅಂತ. ಏ, ನಂಗ್ಯಾಕೆ ಕೊಡ್ತೀಯ? ನೀನು ತಿನ್ನು. ನಂಗೆ ಶೇಂಗಾ ತಿಂದ್ರೆ ಪಿತ್ತ ಆಗ್ತೈತೆ, ನಿಂಗೆ ಗೊತ್ತಿಲ್ಲದ್ದಾ.

ಎಷ್ಟು ಚೆಂದ ಬಿಡಿಸಿ ಹೇಳಿದ್ಲು ಆಯಮ್ಮ. ಆ ಕಪ್ಪು ಫಿಲಮ್ಮು ಬೆಳಕಿಗೆ ಹಿಡಿದು ತೋರಿಸಿದ್ಲಲ್ಲ, ಮುಂದಿನ ಎರಡು ದೊಡ್ಡ ಹಲ್ಲಿನ ಆ ಕಡೆ ಒಂದು, ಈ ಕಡೆ ಒಂದು, ಎರಡು ಜಾಗ ಖಾಲಿ. ಹಾಲುಹಲ್ಲು ಬಿದ್ದು ಮೂರು ವರ್ಷ ಆತು, ಬರ್ತಾವೆ ಬರ್ತಾವೆ ಅಂತ ಕಾಯ್ತಾ ಕುಂತಿದ್ವಿ. ಒಳಗೆ ಮೊಳಕೆನೇ ಇಲ್ವಂತೆ! ಬಿತ್ತದೇ ಇರೋ ಸಾಲು, ಎಷ್ಟು ಮಳೆ ಬಂದ್ರೇನು, ಹುಟ್ಟಲ್ಲ. ಅದೇನು ರೋಗ ಅಲ್ವಂತೆ, ನೀನು ಹಲ್ಲು ಸರಿಯಾಗಿ ಉಜ್ಜಿಲ್ಲ ಅಂತಾನೂ ಅಲ್ವಂತೆ. ಹುಟ್ಟುತಾನೇ ಹಂಗೆ, ಎಷ್ಟೋ ಮಕ್ಕಳಿಗೆ ಇರ್ತೈತಂತೆ. ಕೇಳಿಸ್ಕಂಡ್ಯಾ ಅದನ್ನ?

ದಾರಿ ಇಲ್ಲದಿದ್ರೆ ಅಳು, ಬ್ಯಾಡ ಅನ್ನಲ್ಲ. ದಾರಿ ಬೇಕಾದಷ್ಟು ಐತಲ್ಲ. ತಂತಿ ಹಾಕಿ ಕೋರೆಹಲ್ಲನ್ನ ಮೆತ್ತಗೆ ಪಕ್ಕಕ್ಕೆ ಎಳ್ಕಂಡು ಬಂದು ಖಾಲಿ ಜಾಗ ಮುಚ್ಚಬಹುದಂತೆ. ಆಮೇಲೆ ಅದರ ಚೂಪು ಉಜ್ಜಿ ಪಕ್ಕದ ಹಲ್ಲಿನಂಗೆ ಮಾಡ್ತಾರಂತೆ. ಅದಕ್ಕೆ ದಾವಣಗೆರೆಗೆ ಹೋಗ್ಬೇಕು, ಎರಡು ವರ್ಷ ಹಿಡೀತೈತೆ. ಇಲ್ಲಾಂದ್ರೆ ನಿಂಗೆ ಹದಿನೆಂಟು ತುಂಬಿ ದವಡೆ ಬಲ್ತ ಮ್ಯಾಲೆ, ಮೂಳೆಗೇ ತಿರುಪು ಕೂರಿಸಿ ಹಲ್ಲು ನಿಲ್ಲಿಸ್ತಾರಂತೆ. ಮೂಳೆಗೆ ತಿರುಪು! ನಂಗಂತೂ ಮಿಲ್ಲಿನ ಮೋಟ್ರು ನೆನಪಾತು… ಯಾಕೆ, ನಗು ಬರಲಿಲ್ವಾ? ಸರಿ ಬಿಡು. ಅವೆಲ್ಲ ಮುಂದಿನ ಮಾತು. ಈಗ ಸದ್ಯಕ್ಕೆ ಎರಡು ಹಲ್ಲಿರೋ ಒಂದು ತಟ್ಟೆ, ಅಂಗುಳಕ್ಕೆ ಅಂಟ್ಕಂಡು ಕೂರ್ತೈತೆ, ಬೇಕಾದಾಗ ತೆಗೀಬಹುದು. ಅದಕ್ಕೆ ಬಾಯಿದೊಂದು ಅಚ್ಚು ಬೇಕು. ಗುಲಾಬಿ ಹಿಟ್ಟು ಕಲಸಿ ತಟ್ಟೆಗೆ ತುಂಬಿ ಬಾಯಾಗೆ ಇಡ್ತಾರೆ, ಎರಡು ನಿಮಿಷ ಮೂಗಿನಾಗೆ ಉಸಿರಾಡಿದ್ರೆ ಮುಗೀತು. ನಾಲಿಗೆ ಹಿಂದಕ್ಕೆ ತಗಂಡ್ರೆ ವಾಂತಿ ಬಂದಂಗೆ ಆಗ್ತೈತೆ, ಕಾಲಿನ ಹೆಬ್ಬೆರಳು ಅಲ್ಲಾಡಿಸ್ತಾ ಇದ್ರೆ ಏನೂ ಗೊತ್ತಾಗಲ್ಲ.

…ನಂಗೆ ಹೆಂಗೆ ಗೊತ್ತಾ? ಯಾರೋ ಹೇಳ್ತಿದ್ರು. ಹಂಗೆ ನೋಡ್ಬ್ಯಾಡ.

ಆ ಹಿಟ್ಟಿಗೆ ನೀನು ಹೆದರ್ಕಂಡೆ ಅಂದ್ಕಂಡಿದ್ದೆ ನಾನು. ಆದ್ರೆ ಹಿಟ್ಟಿನ ತಟ್ಟೆ ಇನ್ನೂ ನಿನ್ನ ಹತ್ರಕ್ಕೂ ಬಂದಿರ್ಲಿಲ್ಲ. ಡಾಕ್ಟ್ರಮ್ಮ ಸುಮ್ಮನೆ ಒಂದು ಮಾತು ಕೇಳಿದ್ಲು, ಇದು ವಂಶದಾಗೆ ಬರೋದು, ನಿಮ್ಮ ಮನೆಯಾಗೆ ಯಾರಿಗಾದ್ರೂ ಹಿಂಗೆ ಐತಾ ಅಂತ. ನಾನು ಇಲ್ಲ ಅಂದೆ. ತಾಯಿ ಕಡೆಯೋರನ್ನ ಕೇಳ್ಬೇಕು ಅಂದೆ. ಅಷ್ಟೇ ಅಂದಿದ್ದು. ಅಷ್ಟಕ್ಕೇ ನೀನು ಟಪ್ ಅಂತ ಬಾಯಿ ಮುಚ್ಚಿ ಕುರ್ಚಿ ಇಳಿದೆ. ನಿಮ್ಮವ್ವ ಪರ್ಸು ಹಿಡ್ಕಂಡು ಎಸ್‌ಟಿಡಿ ಬೂತಿಗೆ ಇಳಿದು ಹೋದ್ಲು. ಪಾಪ, ಈ ಹೊತ್ತಿನಾಗೆ ಚಿತ್ರದುರ್ಗಕ್ಕೆ ಫೋನು ಹಚ್ಚಿ ಅವ್ರ ಅಜ್ಜಿದು, ದೊಡ್ಡವ್ವಂದು, ಸೋದರತ್ತೇರದು, ಎಲ್ಲರ ಬಾಯೂ ಎಣಿಸ್ತಾ ಇರ್ತಾಳೆ.

ನೋಡು, ಶೈಲಜಾನ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ನನ್ನ ಸೊಸೆ ಬಂಗಾರ. ಆದ್ರೆ ಹಲ್ಲು ಎಸೆಯೋ ವಿಷಯದಾಗೆ ತಪ್ಪು ಮಾಡಿದ್ಲೋ ಇಲ್ವೋ, ನೀನೇ ಹೇಳು. ಈ ಎರಡರಾಗೆ ಮೊದಲನೇ ಹಲ್ಲು ಬಿತ್ತು. ಸಗಣಿಯಾಗೆ ಸುತ್ತಿ ಮಾಳಿಗೆ ಮ್ಯಾಲೆ ಎಸೀಬೇಕು, ಅದು ಪದ್ಧತಿ. ಮಣ್ಣಿನ ಮಾಳಿಗೆ ಆದ್ರೆ ಹಿಡ್ಕಂತೈತೆ. ಇವಳು ಪೇಟೆಯವಳು, ಮಿಲ್ಲಿನ ತಗಡಿನ ಮ್ಯಾಲೆ ಎಸೆಸಿದ್ಲು. ತಗಡು ಹಿಡ್ಕಂತೈತಾ? ಟಣ್ ಅಂತು, ಉಳ್ಳಾಡ್ಕಂಡು ಬಂದು ಶೇಂಗಾ ಹೊಟ್ಟಿನ ಗುಡ್ಡೆಯಾಗೆ ಬಿತ್ತು. ಮಿಲ್ಲಿನ ಆಳು ಮಾರಣ್ಣನೂ ದುರುಗಕ್ಕನೂ ಕೆಲಸ ಬಿಟ್ಟು ಜರಡಿ ಹಿಡಿದು ಮಧ್ಯಾಹ್ನದ ತನಕ ಹೊಟ್ಟು ಸೋಸಿದ್ರು. ನಿಮ್ಮವ್ವನೂ ಸೆರಗು ಸಿಕ್ಕಿಸ್ಕಂಡು ಕುಂತು ಸೋಸಿದ್ಲು. ಕೊನೆಗೆ ಮಾರಣ್ಣ ಸಿಕ್ತು ಅಂತ ಕೂಗಿ ಒಂದು ಹಲ್ಲು ತಂದ. ನೋಡಿದ್ರೆ ಅಷ್ಟು ದೊಡ್ಡ ದವಡೆಹಲ್ಲು, ಯಾವ ಹಮಾಲಿದೋ! ಹ್ಹ… ಹ್ಹ… ನೀನು ಆವಾಗ ಬಿದ್ದು ಬಿದ್ದು ನಕ್ಕಿದ್ದೆ. ಮೂರು ಊರಿಗೆ ಕೇಳೋ ನಗು.

ಈಗ ನಕ್ರೆ ಕೈ ಅಡ್ಡ ಹಿಡೀತೀಯ. ಸ್ಕೂಲ್‌ನಾಗೆ ಪದ್ಯ ಹೇಳಾಕೂ ಒಲ್ಲೆ ಅಂದ್ಯಂತೆ, ಟೀಚರ್ರು ಹೇಳಿ ಕಳಿಸಿದ್ರು. ಈ ಕೈ ಅಡ್ಡ ಇಡೋದು ಯಾರ ಹತ್ರ ಕಲ್ತೆ? ನಿಮ್ಮವ್ವ ಹಂಗೆ ನಗಲ್ಲ, ನಿಮ್ಮಪ್ಪ ನಗಲ್ಲ…

ಏನು, ನನ್ನ ಸೆರಗು ನೋಡ್ತೀಯ? ಸೆರಗಿಗೇನಾಗೈತೆ?

ನಾನು ಬಾಯಿ ಮುಚ್ಕಂಡು ನಗೋದು ಬ್ಯಾರೆ. ನಾವು ಹಳೇ ಕಾಲದ ಹೆಣ್ಮಕ್ಕಳು. ದೊಡ್ಡೋರ ಮುಂದೆ ಬಾಯಿ ತೆಗೆದು ನಗಬಾರದು ಅಂತ ಕಲಿಸಿದ್ರು.

…ಹೂಂ. ಈಗ ನನ್ನ ಮುಂದೆ ಅತ್ತೆ ಮಾವ ಯಾರೂ ಉಳಿದಿಲ್ಲ, ಅದೂ ಖರೇನೇ.

ಮತ್ತೆ ಶೇಂಗಾ ಕೊಡ್ತೀಯಲ್ಲ! ಬ್ಯಾಡ ಅಂದ್ನಲ್ಲ, ಪಿತ್ತ ಅಂತ. ನೀನು ಸುಲಿದು ಸುಲಿದು ನನ್ನ ಕೈಯಾಗೆ ಇಟ್ರೆ ನಾನೇನು ಮಾಡ್ಲಿ? ನೀನು ತಿನ್ನಲ್ಲ, ಮಾತಾಡಲ್ಲ, ಸುಮ್ನೆ ನನ್ನ ಬಾಯಿ ನೋಡ್ತಾ ಕುಂತೀಯ. ಒಳ್ಳೆ ಹುಡುಗಿ.

ಹಾಂ, ಎರಡನೇ ಹಲ್ಲು. ಅದನ್ನ ಕೇಳ್ತೀಯ ಅನ್ಸುತ್ತೆ. ಅದನ್ನ ನಾನೇ ಎಸೆದೆ. ಶೈಲಜಾನ ಕೈಗೆ ಕೊಡ್ಲಿಲ್ಲ. ನಿನ್ನ ಕರ್ಕಂಡು ಮೊಳಕಾಲ್ಮೂರು ಬಸ್ಸು ಹತ್ತಿ ನನ್ನ ತವರಿಗೆ, ಸಿದ್ದಾಪುರಕ್ಕೆ ಹೋದೆ. ನಮ್ಮಣ್ಣ ಚಿತ್ತಪ್ಪನ ಮನೆ ಅಪ್ಪಟ ಮಣ್ಣಿನ ಮಾಳಿಗೆ. ಹಸುವಿನ ಸಗಣಿ, ಮೂಡಲ ದಿಕ್ಕು, ಎಲ್ಲಾ ಸರಿಯಾಗಿ ಎಸೆಸಿದೆ. ಪಟ್ ಅಂತ ಕೂತ್ಕಂತು, ಅಲ್ಲಾಡ್ಲಿಲ್ಲ. ಮಾಡಿದ್ರೆ ಹಿಂಗೆ ಮಾಡ್ಬೇಕು ಅಂತ ವಾಪಸ್ ಬಂದು ನಿಮ್ಮವ್ವಂಗೆ ಹೇಳಿದೆ.

…ಹೂಂ. ಅದೂ ಬರ್ಲಿಲ್ಲ.

ತಗಡಿಗೆ ಎಸೆದದ್ದೂ ಬರ್ಲಿಲ್ಲ, ಮಾಳಿಗೆಗೆ ಎಸೆದದ್ದೂ ಬರ್ಲಿಲ್ಲ. ನೀನು ಬಾಯಿ ಬಿಡದಿದ್ರೂ ನಂಗೆ ಲೆಕ್ಕ ಬರ್ತೈತೆ ಕಣೇ. ಮೂರು ವರ್ಷದಿಂದ ನಿಮ್ಮವ್ವನ್ನ ಆಡ್ಕಂಡಿದ್ದು ಸುಳ್ಳಾತು ಅಂತ ತಾನೆ? ಅವಳು ಒಂದು ದಿನಾನೂ ಎದುರು ಮಾತಾಡ್ಲಿಲ್ಲ. ಆ ಹೊಟ್ಟಿನ ಗುಡ್ಡೆ ಹತ್ರ ಹೋದಾಗೆಲ್ಲ ಈಗ್ಲೂ ಕಾಲಿನಾಗೆ ಕೆದಕಿ ನೋಡ್ತಾಳೆ. ನಾನೇ ನೋಡಿದೀನಿ.

ಮತ್ತೆ ಶೇಂಗಾ. ಮೂರನೇ ಸಲ.

ರಂಜು… ನಿಂಗೆ ಗೊತ್ತಾ?

ಎಂದಿನಿಂದ ಗೊತ್ತು? ಬಚ್ಚಲಮನೆ ಗೂಡಿನಾಗೆ, ತಾಮ್ರದ ಚೊಂಬಿನ ಹಿಂದೆ, ಆ ಸ್ಟೀಲ್ ಬಟ್ಟಲು… ನೋಡಿದ್ಯಾ? ತಲೆ ಆಡಿಸ್ತೀಯಲ್ಲ. ನೋಡಿ ಯಾರಿಗೂ ಹೇಳ್ಲಿಲ್ವಾ? ನಿಮ್ಮವ್ವಂಗೂ?… ನಿಮ್ಮವ್ವಂಗೆ ಹೇಳಿಲ್ಲ. ನಾನೇ ಹೇಳ್ತೀನಿ ಅಂತ ನೀನು ಕಾಯ್ತಿದ್ದೆ. ಇವತ್ತು ಆ ಡಾಕ್ಟ್ರಮ್ಮ ಕೇಳಿದಾಗ ಅಜ್ಜಿ ಹೇಳ್ತಾಳೆ ಅಂದ್ಕಂಡೆ ನೀನು. ನಾನು ಇಲ್ಲ ಅಂದೆ.

ಅಯ್ಯೋ ನನ್ನವ್ವ.

ನಿಮ್ಮ ಚಿತ್ತಪ್ಪಜ್ಜನ ಮಾಳಿಗೆ ಮ್ಯಾಲೆ ನಿನ್ನ ಹಲ್ಲು ಬಿತ್ತಲ್ಲ, ಅದೇ ಮಾಳಿಗೆ ಮ್ಯಾಲೆ ನನ್ನವೂ ಎರಡು ಬಿದ್ದಿದಾವೆ. ಅವೇ ಎರಡು, ಆ ಕಡೆ ಒಂದು, ಈ ಕಡೆ ಒಂದು. ನಾನೂ ದಿನಾ ಕನ್ನಡಿ ನೋಡಿದ್ದೇ ನೋಡಿದ್ದು. ಮದುವೆ ಮಾತು ಬಂದಾಗ ನಮ್ಮಪ್ಪ ಯಾರಿಗೂ ಹೇಳದೆ ಬಳ್ಳಾರಿಗೆ ಕರ್ಕಂಡು ಹೋದ. ಅಲ್ಲಿ ಯರ್ರಪ್ಪ ಅಂತ ಹಲ್ಲು ಕಟ್ಟೋನು, ತೆಲುಗಿನೋನು. ತಟ್ಟೆ ಕೂರಿಸಿ ಕನ್ನಡಿ ಹಿಡಿದು, ನವ್ವಮ್ಮಾ, ಒಕಸಾರಿ ನವ್ವು ಅಂದ. ಒಂದು ಸಲ ನಗಮ್ಮ ಅಂತ. ನಗು ಬಂತು. ಎಷ್ಟು ದಿನದ್ದೋ ಬಂತು. ಅಷ್ಟ್ರಾಗೆ ನಮ್ಮಪ್ಪ ಅಂದ, ಇದು ಯಾರಿಗೂ ಗೊತ್ತಾಗಬಾರದು, ಗಂಡಂಗೂ. ತಗ, ಆ ನಗೂ ಹೋತು. ಅವತ್ತು ಏರಿದ ಸೆರಗು ಇವತ್ತಿನ ತನಕ ಇಳಿದಿಲ್ಲ.

ಪಿತ್ತನೂ ಇಲ್ಲ, ಗಿತ್ತನೂ ಇಲ್ಲ. ಶೇಂಗಾ ಪುಡಿ ತಟ್ಟೆ ಕೆಳಗೆ ಹೋದ್ರೆ ತಟ್ಟೆ ಎದ್ದು ಬರ್ತೈತೆ. ಶೇಂಗಾ ಮಿಲ್ಲಿನ ಸೊಸೆಯಾಗಿ ಬಂದು ನಲವತ್ತು ವರ್ಷ ಆತು, ಜನರ ಮುಂದೆ ಒಂದು ಕಾಳು ಬಾಯಿಗೆ ಹಾಕಿಲ್ಲ. ತಟ್ಟೆ ಸಡಿಲ ಆದಾಗೆಲ್ಲ ಸೀರೆ ತರ್ತೀನಿ ಅಂತ ಬಳ್ಳಾರಿಗೆ ಹೋಗ್ತಿದ್ದೆ. ಮೊಳಕಾಲ್ಮೂರು ರೇಷ್ಮೆ ತವರಿನ ಮಗ್ಗುಲಾಗೆ ಇಟ್ಕಂಡು ಇವಳು ಬಳ್ಳಾರಿಗೆ ಸೀರೆಗೆ ಹೋಗ್ತಾಳೆ ಅಂತ ನಿಮ್ಮಜ್ಜ ಮೀಸೆಯಾಗೆ ನಗೋರು. ಅವ್ರಿಗೆ ಇವತ್ತಿಗೂ ಗೊತ್ತಿಲ್ಲ.

…ಯಾಕೆ ಇಲ್ಲ ಇಲ್ಲ ಅಂತ ತಲೆ ಆಡಿಸ್ತೀಯ?

ಗೊತ್ತಾ? ಅಜ್ಜಂಗೆ?

ರಾತ್ರಿ ತಟ್ಟೆ ತೆಗೆದು ನೆನೆ ಹಾಕೋ ಆ ಬಟ್ಟಲಾಗೆ ದಿನಾ ಸಂಜೆ ತಿಳಿನೀರು ತುಂಬಿರ್ತೈತೆ. ಕೆಲಸದ ಸಿದ್ದಕ್ಕ ತುಂಬ್ತಾಳೆ ಅಂದ್ಕಂಡಿದ್ದೆ ನಾನು… ಅಜ್ಜನಾ? ನೀನು ಕಣ್ಣಾರೆ ನೋಡಿದ್ಯಾ? ದಿನಾನಾ?

ಯಜಮಾನ್ರೇ, ಮುರುಗೇಂದ್ರಪ್ಪನೋರೇ, ನಲವತ್ತು ವರ್ಷ ಎಂಥಾ ಬಾಯಿ ಮುಚ್ಕಂಡ್ರಿ ನೀವು… ತಾಳು, ಕಣ್ಣು ಒರೆಸ್ಕಂತೀನಿ. ಅಳು ಅಲ್ಲ ಕಣೇ, ನಗೂನೇ. ಎರಡೂ ಒಟ್ಟಿಗೆ ಬಂದೈತೆ.

ಸರಿ. ಈ ಕಡೆ ತಿರುಗು. ಕರ್ಚೀಫು ಕೊಡು ಇಲ್ಲಿ. ತಟ್ಟೆ ತೆಗೀತೀನಿ. ಈಗ ನನ್ನ ಮಾತು ಪುಸ್ ಪುಸ್ ಅಂತೈತೆ, ನಗ್ಬೇಕು ನೀನು… ನೋಡು. ಸರಿಯಾಗಿ ನೋಡು, ಸೆರಗು ಕೆಳಗೆ ಇಟ್ಟಿದೀನಿ. ನಿನ್ನ ಬಾಯೇ ತಾನೆ ಇದು? ನೀನೂ ಕೈ ತೆಗಿ. ಪೂರ್ತಿ ತೆಗಿ. ನವ್ವಮ್ಮಾ.

ಹಾಂ… ಅದು. ಅದು ನಗು. ಒಳಗಿನ ಡಾಕ್ಟ್ರಮ್ಮಂಗೂ ಕೇಳಿಸ್ತು ನೋಡು, ಬಾಗ್ಲು ತೆಗೆದ್ಲು. ಬರ್ತೀವಿ ಕಣಮ್ಮ, ಒಂದು ನಿಮಿಷ. ಆ ಚೀಟಿಯಾಗೆ ವಂಶದಾಗೆ ಯಾರಿಗೂ ಇಲ್ಲ ಅಂತ ಬರ್ಕಂಡಿದ್ಯಲ್ಲ, ಅದನ್ನ ಹೊಡೆದು ಹಾಕಿ, ತಂದೆಯ ತಾಯಿ ಸರ್ವಮಂಗಳ ಅಂತ ಬರಿ. ಎರಡು ಹಲ್ಲು.

ಶೇಂಗಾ ಮಡಿಸಿ ಇಡು ರಂಜು, ಅಚ್ಚು ಮುಗೀಲಿ, ಇಬ್ರೂ ತಿನ್ನಾನ. ತಡಿ, ಮೆಟ್ಲ ಮ್ಯಾಲೆ ಚಪ್ಪಲಿ ಸಪ್ಪಳ… ನಿಮ್ಮವ್ವ. ಮುಖ ನೋಡು, ಹೆಂಗೆ ಬಾಡಿಸ್ಕಂಡು ಬರ್ತಾಳೆ. ಅವ್ರ ಕಡೆ ಒಬ್ಬರಿಗೂ ಇಲ್ಲ ಅಂದಿರ್ತಾರೆ, ನಂಗೆ ಹೆಂಗೆ ಹೇಳೋದು ಅಂತ ಯೋಚನೆ. ನೀನು ಸುಮ್ನಿರು. ಇಷ್ಟೊತ್ತು ಸುಮ್ನಿದ್ದೆ, ಇನ್ನೊಂದು ಚೂರು ಇರು. ಇದು ನಾನೇ ಹೇಳ್ಬೇಕಾದ ಮಾತು.

ಶೈಲಜಾ, ಬಾರವ್ವ. ಫೋನಿನ ವಿಷಯ ಆಮೇಲೆ ಹೇಳುವಂತೆ. ಇಲ್ಲಿ ಬೆಳಕಿಗೆ ಬಾ, ನನ್ನ ಬಾಯಿ ನೋಡು.