ಬೋಟಿನ ಆಯಿಲ್

ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಕೆರೆಯಲ್ಲಿ ಮೋಟಾರ್ ಬೋಟ್ ಓಡಿಸುವವರೆಂದು ಅವರ ಮಾತಿನಿಂದಲೇ ತಿಳಿಯಿತು.

"ಆವಲಪ್ಪಣ್ಣ, ಆಯಿಲ್ ನಾಳಿದ್ದು ಚೇಂಜ್ ಮಾಡೋಣ. ಸೊಂಟ ಬಿದ್ದೋಗಿದೆ."

"ಹಳೇ ಆಯಿಲ್ ಹಾಲಿನಂಗೆ ಬೆಳ್ಳಗಾಗೈತೆ ಕಣೋ ನರೇಶ. ನೀರು ಸೇರ್ಕೊಂಡೈತೆ. ಹಿಂಗೇ ಓಡ್ಸಿದ್ರೆ ಇಂಜಿನ್ ಕೂತ್ಬಿಡ್ತದೆ."

"ಬೋಟಿನ ತಳದಲ್ಲಿ ಬಗ್ಗಿ, ಪಂಪ್ ಹಾಕಿ ಎಳೀಬೇಕು. ಬೆಳಗ್ಗೆಯಿಂದ ಜೊಂಡು ಕಿತ್ತು ಸಾಕಾಗಿದೆ."

"ನಿನ್ನೆ ನಡುನೀರಲ್ಲಿ ಬೋಟ್ ನಿಂತೋದಾಗ ಆ ಬಸುರಿ ಹೆಂಗಸು ನನ್ನ ತೋಳು ಹಿಡ್ಕೊಂಡು ಅಳ್ತಿದ್ಲು. ನಾಳೆ ಇನ್ಯಾರು ಹತ್ತುತಾರೋ."

ನರೇಶ ರಸ್ತೆಯ ಕಡೆ ನೋಡಿದ.

"ನಮ್ಮ ಬಸ್ ಬಂತಣ್ಣ."

"ನೀನು ಹತ್ತಪ್ಪ. ನಾನೊಬ್ನೇ ಇವತ್ತೇ ಮಾಡ್ಕೊಂತೀನಿ."

"ಈ ವಯಸ್ಸಲ್ಲಿ ಒಬ್ನೇ ಬಗ್ಗಿದ್ರೆ ಮೇಲೇಳ್ತೀಯಾ? ನಡಿಯಣ್ಣ."

ಬಸ್ಸನ್ನು ಬಿಟ್ಟು ಇಬ್ಬರೂ ನಿಧಾನವಾಗಿ ಕೆರೆ ಕಡೆ ನಡೆದರು.