ಬಾಗಿಲ ಬೋರ್ಡು

ಚಿಕ್ಕಬಳ್ಳಾಪುರದ ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಅರವತ್ತರ ಯಜಮಾನರೊಬ್ಬರು ಮಾಸ್ಕ್ ಹಾಕಿಕೊಂಡು ಕೂತಿದ್ದರು. ರಕ್ತ ಕೊಡಲು ಬಂದಿದ್ದ ಕವಿತ ಒಂದು ಕುರ್ಚಿ ಬಿಟ್ಟು ಕೂತಳು. ಅವರ ಫೋನು ಸ್ಪೀಕರಿನಲ್ಲಿತ್ತು.

"ವೆಂಕಟರವಣಪ್ಪನೋರೇ, ಟ್ರಾನ್ಸ್‌ಪ್ಲಾಂಟ್ ವಾರ್ಡಿಂದ ಶಿರೀಷಾ ಸಿಸ್ಟರ್. ಜ್ವರ ಏನಾದ್ರೂ ಬಂತಾ?"

"ಇಲ್ಲ ಶಿರೀಷಮ್ಮ."

"ಮಾತ್ರೆ?"

"ನೀನು ಬರೆದುಕೊಟ್ಟ ಹೊತ್ತಿಗೇ ನುಂಗ್ತೀನಿ. ನೀರೂ ಕಾಯಿಸಿದ್ದೇ."

"ಮೂಳೆ ಮಜ್ಜೆ ಹಾಕಿ ಇವತ್ತಿಗೆ ನೂರು ದಿನ. ಚೆನ್ನಾಗಿ ಹಿಡ್ಕೊಂಡಿದೆ. ಇನ್ಮೇಲೆ ದಿನಾ ಫೋನ್ ಮಾಡಲ್ಲ, ತಿಂಗಳಿಗೊಂದ್ಸಲ ಮಾಡ್ತೀನಿ."

ಯಜಮಾನರು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಯಾರೂ ಒಳಗೆ ಬರಬೇಡಿ ಅಂತ ನಿಮ್ಮ ಬಾಗಿಲಿಗೆ ಬೋರ್ಡ್ ಹಾಕಿಸಿದ್ನಲ್ಲ, ಅದನ್ನ ತೆಗೀಬಹುದು ಅಂದ್ರು ಡಾಕ್ಟರು. ಒಬ್ಬಿಬ್ಬರು ಬಂದು ಹೋಗ್ಲಿ."

"ಅದಿರ್ಲಿ ಬಿಡಮ್ಮ."

"ಯಾಕೆ?"

"ತೆಗೆದ ಮೇಲೂ ಯಾರೂ ಬರದಿದ್ರೆ? ಬೋರ್ಡ್ ಇದ್ರೆ, ಬಂದೋರು ಅದನ್ನ ನೋಡಿ ವಾಪಸ್ ಹೋಗಿರ್ತಾರೆ ಅಂತ ನಾನು ಅಂದ್ಕೊಂಡು ಇರಬಹುದು."



"ನಾಳೆ ಒಂದ್ಸಲ ಮಾಡ್ಲಾ?"

"ಬೇಡಮ್ಮ. ಜ್ವರ ಇರೋರಿಗೆ ಮಾಡು."

ಪಕ್ಕದ ಕುರ್ಚಿಗೆ ಸರಿದು ಕೂರೋಣವೆಂದು ಕವಿತ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಲ್ಯಾಬಿನವರು ಅವರ ಹೆಸರು ಕೂಗಿದರು. ಅವರು ಅಂಗಿಯ ತೋಳು ಮಡಚುತ್ತಾ ಒಳಗೆ ಹೋದರು.