ಗಾಜಿನ ತೊಟ್ಟಿಯ ಪಾಲಕ್

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಷ್ಟು ಶ್ರೀಮಂತ ಎಂದು ಕೇಳಬೇಡಿ. ನಿಮಗೆ ಯಾವಾಗಲೂ ಅದೇ ಬೇಕು. ದೊಡ್ಡ ಮನೆ, ಮೇಲೆ ವಿಶಾಲವಾದ ತಾರಸಿ, ಮನೆಯಲ್ಲಿ ಹೆಂಡತಿ, ಮಗ, ಸೊಸೆ. ಸೊಸೆ ಬಸುರಿ. ಪಾಪ, ಏನು ತಿಂದರೂ ವಾಂತಿ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ಒಂದೇ: ಬಿಸಿ ಅನ್ನ, ಪಾಲಕ್ ಸೊಪ್ಪಿನ ತೊವ್ವೆ. ಇದನ್ನು ನೆನಪಿಟ್ಟುಕೊಳ್ಳಿ. ಹೋದ ವಾರ ಹೇಳಿದ್ದನ್ನು ಮರೆತ ಹಾಗೆ ಇದನ್ನೂ ಮರೆಯಬೇಡಿ.

ಈ ಶ್ರೀಮಂತ ಒಂದು ದಿನ ನೆಂಟರ ಮನೆಯಲ್ಲಿ ಮಣ್ಣೇ ಇಲ್ಲದೆ ಬರೀ ನೀರಿನಲ್ಲಿ ಸೊಪ್ಪು ಬೆಳೆದದ್ದನ್ನು ಕಂಡ. ಹೈಡ್ರೋಪೋನಿಕ್ಸ್ ಅನ್ನುತ್ತಾರಲ್ಲ, ಅದು. ಒಳ್ಳೆಯ ವಿದ್ಯೆ, ನಾನೇನು ಬೇಡ ಅನ್ನುವುದಿಲ್ಲ. ಆದರೆ ಮನೆಗೆ ಬಂದವನು ನಾಲ್ಕು ಸಸಿ ಇಟ್ಟು ನೋಡೋಣ ಅಂದನೇ? ಇಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಣೆ ಮಾಡಿದ.

"ಸೀಮಂತದ ದಿನ ಸೊಸೆ ತಿನ್ನೋದು ನಮ್ಮ ತಾರಸಿ ಪಾಲಕ್ಕೇ! ಅಲ್ಲೀವರೆಗೂ ಈ ಮನೆಗೆ ಬೀದಿ ಸೊಪ್ಪು ಬರಕೂಡದು. ಮೋರಿ ನೀರಲ್ಲಿ ಬೆಳೆದಿರ್ತಾರೆ."

"ಅಲ್ಲೀವರೆಗೂ ಆ ಹುಡುಗಿ ಏನ್ರೀ ತಿನ್ಬೇಕು?" ಎಂದಳು ಹೆಂಡತಿ.

"ಸ್ವಲ್ಪ ದಿನ ತಡ್ಕೊಳ್ಳಲಿ. ಆಮೇಲೆ ಬುಟ್ಟಿಗಟ್ಲೆ ತಿನ್ನಲಿ!"

ನೋಡಿ! ಬಸುರಿ ಹೆಣ್ಣಿಗೆ 'ತಡ್ಕೋ' ಅನ್ನುವ ಮಹಾನುಭಾವ! ಇಂಥವರಿಗೆ ಏನು ಹೇಳುವುದು? ಮಗನೋ, ಅಪ್ಪನ ಮುಂದೆ ಬಾಯಿ ಬಿಟ್ಟವನಲ್ಲ. ಪ್ರತಿ ಬೆಳಿಗ್ಗೆ ಗೇಟಿನ ಮುಂದೆ 'ಸೊಪ್ಪಮ್ಮೋ ಸೊಪ್ಪು' ಎಂಬ ಕೂಗು ಕೇಳಿಸುತ್ತಿತ್ತು. ಒಳಗೆ ಸೊಸೆ ಆ ಕೂಗನ್ನೇ ಕೇಳಿಸಿಕೊಂಡು ಕೂತಿರುತ್ತಿದ್ದಳು.

ಗಿಡ ಕೂರಿಸುವ ಕೆಲಸ ತಿಳಿದವನೊಬ್ಬ ಬಂದ. ಬಿಡಿಸಿ ಹೇಳಿದ.

"ಸ್ವಾಮೀ, ಎಲೆಗೆ ಬಿಸಿಲು, ಬೇರಿಗೆ ಕತ್ತಲು. ನೀರಿಗೆ ಬೆಳಕು ಬಿದ್ರೆ ಪಾಚಿ ಕಟ್ಟುತ್ತೆ. ಮೊದಲಿಗೆ ಮುಚ್ಚಳ ಇರೋ ಒಂದು ಬಕೆಟ್ ಸಾಕು. ಮುಚ್ಚಳಕ್ಕೆ ತೂತು ಕೊರೆದು, ಜಾಲರಿ ಬಟ್ಟಲಲ್ಲಿ ಸಸಿ ಕೂರ್ಸಿ. ಬಟ್ಟಲಿನ ಬುಡ ಮುಟ್ಟೋವಷ್ಟು ಗೊಬ್ಬರದ ನೀರು. ಹೇಳಿದಷ್ಟೇ ಗೊಬ್ಬರ. ಆಮೇಲೆ ಸುಮ್‌ಸುಮ್ನೆ ಕೈ ಹಾಕ್ಬೇಡಿ."

"ಬಕೆಟ್ಟಾ? ನಾಲ್ಕು ಜನ ಬಂದು ಹೋಗೋ ಮನೆಗೆ ಬಕೆಟ್ಟಾ? ಗಾಜಿನ ತೊಟ್ಟಿ ಮಾಡ್ಸಯ್ಯಾ. ಬೇರು ಕಾಣ್ಬೇಕು!"

ಅವನು ಬೇಡವೆಂದ. ಇವನು ಬೇಕೆಂದ. ಗೆದ್ದವರು ಯಾರು ಎಂದು ನಾನು ಹೇಳಬೇಕೇ? ಕಾಫಿ ತಂದಿದ್ದ ಹೆಂಡತಿ ಮಾತ್ರ ಲೋಟಗಳು ಖಾಲಿಯಾದರೂ ಅಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.

ಗಾಜಿನ ತೊಟ್ಟಿ ತಾರಸಿಗೆ ಬಂತು, ಸಸಿಗಳೂ ಕೂತವು. ಬಂದ ಮೇಲೆ ಪೂಜೆ ಆಗಬೇಡವೇ? ಊರಿಗೆಲ್ಲ ಕರೆ ಹೋಯಿತು. ಬಂದ ಮುತ್ತೈದೆಯರು ಗಂಗಾಪೂಜೆ ಎಂದು ಆ ನೀರಿಗೆ ಅರಿಸಿನ ಕುಂಕುಮ ಹಾಕಿದರು, ಅಕ್ಷತೆ ಹಾಕಿದರು, ಮೇಲೆ ಒಂದೊಂದು ಉದ್ಧರಣೆ ಹಾಲು ಬಿಟ್ಟರು. ಬೇಡ ಅನ್ನಬೇಕಾದ ಯಜಮಾನ ಫೋಟೋ ತೆಗೆಸುತ್ತಿದ್ದ! ಆಮೇಲೆ ಬಂದ ಅತಿಥಿಗೆಲ್ಲ ಸಸಿಯನ್ನು ಬಟ್ಟಲ ಸಮೇತ ಎತ್ತಿ ತೋರಿಸುವುದು. 'ನೋಡಿ ಬೇರು, ಹೆಂಗಿದೆ ಬೇರು!' ಅಪ್ಪಾ, ನಿನ್ನನ್ನು ಯಾರಾದರೂ ಊಟದ ಮಧ್ಯೆ ಹೀಗೆ ದಿನಾ ಎತ್ತಿ ತೋರಿಸಿದರೆ ನೀನು ಬೆಳೆಯುತ್ತೀಯಾ?

ನೀರು ಹುಳಿ ವಾಸನೆ ಹೊಡೆಯಿತು. ಗಾಜಿನ ತುಂಬ ಪಾಚಿ. ಸೊಪ್ಪು ಬಾಡಿತು. ಸರಿ, ಇನ್ನಷ್ಟು ಗೊಬ್ಬರ ಸುರಿದ. ಎಲೆಯ ಅಂಚು ಸುಟ್ಟಿತು. ಡಾಕ್ಟರಮ್ಮ ಸೊಸೆಯನ್ನು ನೋಡಿ, "ಮೈಯಲ್ಲಿ ರಕ್ತವೇ ಇಲ್ವಲ್ರೀ, ಸೊಪ್ಪು ಸದೆ ತಿನ್ನಿಸೋಲ್ವಾ?" ಎಂದು ಗದರಿದರು. ಆಗಲಾದರೂ ಬುದ್ಧಿ ಬಂತೇ? "ಬರ್ತಾ ಇದೆ ಡಾಕ್ಟ್ರೇ, ತಾರಸೀಲಿ ಬರ್ತಾ ಇದೆ!" ಅಂದ. ನನಗೆ ಈ ಮಾತು ಹೇಳುವಾಗಲೂ ಸಿಟ್ಟು ಬರುತ್ತದೆ.

ಸೀಮಂತದ ಬೆಳಿಗ್ಗೆ ತೊಟ್ಟಿಯಲ್ಲಿ ಉಳಿದದ್ದು ಕೊಳೆತ ಬೇರು, ಕಂದು ಲೋಳೆ. ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಳಗಿಳಿದರು. ಬಾಳೆಲೆಯ ಮೇಲೆ ಹೋಳಿಗೆ, ಚಿರೋಟಿ, ಐದು ಬಗೆಯ ಚಿತ್ರಾನ್ನ. ಸೊಸೆ ಒಂದನ್ನೂ ಮುಟ್ಟದೆ ಕಣ್ಣು ತುಂಬಿಕೊಂಡು ಕೂತಳು. ಆಗ ಅತ್ತೆ ಒಂದು ಮುಚ್ಚಿದ ಪಾತ್ರೆ ತಂದು ಪಕ್ಕದಲ್ಲಿಟ್ಟಳು. ತೆಗೆದರೆ ಹಸಿರು ತೊವ್ವೆ, ಹಬೆಯಾಡುತ್ತಿದೆ. ಆ ಹುಡುಗಿ ಬಿಸಿ ಅನ್ನಕ್ಕೆ ಕಲಸಿ ತಿಂದಳು. ವಾಂತಿಯಾಗಲಿಲ್ಲ. ಎಲೆ ಮುಂದೆ ಮಾಡಿ, "ಇನ್ನೊಂಚೂರು ಹಾಕಿ ಅತ್ತೆ" ಅಂದಳು.

"ಎಲ್ಲಿಂದ ಬಂತೇ ಇದು?" ಎಂದು ಗಂಡ ಕೇಳಿದ.

ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಕರೆದುಕೊಂಡು ಹೋದಳು. ಬಿಸಿಲಿನಲ್ಲಿ ಮುಚ್ಚಳ ಹಾಕಿದ ಒಂದು ಹಳೆಯ ಕಪ್ಪು ಬಕೆಟ್. ಮೇಲೆ ಕೊಯ್ದುಳಿದ ಪಾಲಕ್ ಮತ್ತೆ ಚಿಗುರುತ್ತಿತ್ತು. ಗಂಡನಿಗೆ ನಾಚಿಕೆಯಾಯಿತೇ? ಕೇಳಿ, ಏನಂದ ಕೇಳಿ.

"ಅಯ್ಯೋ, ಇದನ್ನ ಮುಂದಿನ ಹಜಾರದಲ್ಲಿ ಇಡಬಾರದಿತ್ತೇನೇ? ನಾಲ್ಕು ಜನ ನೋಡ್ತಿದ್ರು!"

"ನಾಲ್ಕು ಜನ ನೋಡಿದ್ದು ತಾರಸೀಲಿ ಕೊಳೀತು ಕಣ್ರೀ. ಇದು ನೋಡೋಕಿಟ್ಟಿದ್ದಲ್ಲ, ಅವಳು ತಿನ್ನೋಕಿಟ್ಟಿದ್ದು."

ನಗುತ್ತಿದ್ದೀರಿ. ನಗಿ, ನಗಿ. ಆ ಗಾಜಿನ ತೊಟ್ಟಿ ಯಾರ ಮನೆಯಲ್ಲಿದೆ ಗೊತ್ತೇ? ಏಕಾದಶಿ ಉಪವಾಸ ಮಾಡುತ್ತೀರಿ, ಮಧ್ಯಾಹ್ನದೊಳಗೆ ಇಡೀ ಬೀದಿಗೆ ಗೊತ್ತಾಗಿರುತ್ತದೆ. ಒಂದು ಪೊಟ್ಟಣ ಅನ್ನ ಕೊಡುತ್ತೀರಿ, ಫೋಟೋ ಸರಿಯಾಗಿ ಬರುವವರೆಗೆ ಹಸಿದವನು ಕೈ ಚಾಚಿಕೊಂಡೇ ನಿಲ್ಲಬೇಕು! ಜಪಕ್ಕೆ ಕೂತು ಎರಡು ದಿನವಾಗಿರುವುದಿಲ್ಲ, 'ಗುರುಗಳೇ, ಮನಸ್ಸೇ ನಿಲ್ಲೋದಿಲ್ಲ' ಎಂದು ಬರುತ್ತೀರಿ. ದಿನಾ ಎತ್ತಿ ಎತ್ತಿ ನೋಡಿದರೆ ಎಲ್ಲಿಂದ ನಿಲ್ಲಬೇಕು? ಎಷ್ಟು ಸಲ ಹೇಳಲಿ? ಬೇರಿಗೆ ಕತ್ತಲು ಬೇಕು. ಬೇರಿಗೆ ಕತ್ತಲು ಬೇಕು! ಮತ್ತೆ, ನೀವು ಹೀಗೆ ಮೆರೆಸುವಾಗ ನಿಮ್ಮ ಮನೆಯಲ್ಲೇ ಯಾರೋ ಹಸಿದು ಕೂತಿರುತ್ತಾರೆ. ಅದನ್ನು ನೋಡುವ ಕಣ್ಣು ಯಾವಾಗ ಬರುತ್ತದೆ?

ನಾಳೆಯಿಂದ ಒಂದು ಕೆಲಸ ಮಾಡಿ. ಸೊಪ್ಪು ಬೆಳೆಯಬೇಕೇ? ಮುಚ್ಚಳದ ಒಂದು ಬಕೆಟ್‌ನಿಂದ ಶುರು ಮಾಡಿ, ಮನೆಯವರ ಹೊಟ್ಟೆಗೆ ಬೆಳೆಯಿರಿ. ಪುಣ್ಯ ಬೆಳೆಯಬೇಕೇ? ಅದಕ್ಕೂ ಮುಚ್ಚಳ ಹಾಕಿ. ದಿನಕ್ಕೊಂದು ಒಳ್ಳೆಯ ಕೆಲಸ, ಹೆಂಡತಿಗೂ ಹೇಳಬೇಡಿ, ದೇವರಿಗೂ ನೆನಪಿಸಬೇಡಿ. ಮೊದಲು ನಿಮ್ಮ ಮನೆಯಲ್ಲಿ ಯಾರು ಏನೂ ತಿನ್ನದೆ ಕೂತಿದ್ದಾರೆ ಎಂದು ಹೋಗಿ ಕೇಳಿ.

ಮತ್ತೆ, ಆ ಕಂಬದ ಪಕ್ಕ ಕೂತ ಯಜಮಾನರೇ, ಆಗಿನಿಂದ ನನ್ನ ಕಡೆ ಎತ್ತಿ ಹಿಡಿದಿದ್ದೀರಲ್ಲ, ಆ ಫೋನು. ಅದನ್ನು ಕೆಳಗಿಳಿಸಿ. ನಿಮ್ಮ ಪಕ್ಕದಲ್ಲಿರುವ ಅಜ್ಜಿ ಆಗಲೇ ಎರಡು ಸಲ ನೀರು ಕೇಳಿದರು. ಎದ್ದು ಹೋಗಿ ತಂದುಕೊಡಿ.